ಕಡಿಮೆ ಕಾರ್ಬ್, ಹೆಚ್ಚು ಕೊಬ್ಬು: ದೂರ ಓಡುವವರಿಗೆ ಸೂಚನೆ

ಸದಸ್ಯರೇ, ಕಾರ್ಬ್ (ಅನ್ನ, ಚಪಾತಿಯಂಥವುಗಳಲ್ಲಿರುವ ಪಿಷ್ಟ, ಸಕ್ಕರೆ) ಇಳಿಸಿ ಕೊಬ್ಬು ಹೆಚ್ಚಿಸುವ ಈ ಆಹಾರಕ್ರಮ ಹಿಡಿಯುವವರು ರೇಸ್‌ಗೆ ಎಂಟು–ಹತ್ತು ವಾರ ಇರುವಾಗಲೇ ಶುರು ಮಾಡಿ. ಮೊದಲ ಮೂರ್ನಾಲ್ಕು ವಾರ ಕಾಲು ಭಾರವೆನಿಸುತ್ತದೆ, ಏರಿನಲ್ಲಿ ಬೇಗ ಏದುಸಿರು ಬರುತ್ತದೆ. ಅಲ್ಲಿಯವರೆಗೆ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡುವ ತರಬೇತಿ) ಬೇಡ. ಮಾತಾಡುತ್ತಾ ಓಡಬಹುದಾದ ವೇಗ ಸಾಕು.

ದಿನಕ್ಕೆ 50 ಗ್ರಾಂ ಒಳಗೆ ಕಾರ್ಬ್ ಎಂದರೆ ಅನ್ನ, ಚಪಾತಿ, ಬಾಳೆಹಣ್ಣು ಎಲ್ಲಾ ಬಂದ್. ಮುದ್ದೆಯೂ ಅಷ್ಟೇ: 100 ಗ್ರಾಂ ರಾಗಿಹಿಟ್ಟಿನಲ್ಲೇ ಸುಮಾರು 70 ಗ್ರಾಂ ಇದೆ. ಮೊಟ್ಟೆ, ಮೀನು, ಪನ್ನೀರ್, ತೆಂಗಿನಕಾಯಿ, ತುಪ್ಪ, ಸೊಪ್ಪಿನ ಪಲ್ಯ ತಿನ್ನಿ. ಕಡಲೆಕಾಯಿ ಅಳೆದೇ ತಿನ್ನಿ, ಕೈಗೆ ಸಿಕ್ಕಷ್ಟು ತಿಂದರೆ ಲೆಕ್ಕ ತಪ್ಪುತ್ತದೆ.

ಬಹಳ ಜನ ಎಡವುವುದು ಉಪ್ಪಿನಲ್ಲಿ. ಕಾರ್ಬ್ ಕಡಿಮೆಯಾಗಿ ಇನ್ಸುಲಿನ್ ಇಳಿದಾಗ ಕಿಡ್ನಿ ಹೆಚ್ಚು ಸೋಡಿಯಂ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ತಲೆನೋವು, ಎದ್ದು ನಿಂತಾಗ ತಲೆಸುತ್ತು ಬರುವುದು ಹೆಚ್ಚಾಗಿ ಇದರಿಂದಲೇ. ಬರೀ ನೀರು ಕುಡಿದರೆ ಇನ್ನಷ್ಟು ಕೆಡುತ್ತದೆ. ಓಟಕ್ಕೆ ಅರ್ಧ ಗಂಟೆ ಮುಂಚೆ, ಕಾಲು ಟೀ ಚಮಚ ಉಪ್ಪು ಹಾಕಿದ ಒಂದು ಲೋಟ ತಿಳಿಸಾರು ಕುಡಿಯಿರಿ. ಬಿಪಿ ಇರುವವರು ವೈದ್ಯರನ್ನು ಕೇಳದೆ ಉಪ್ಪು ಹೆಚ್ಚಿಸಬೇಡಿ.

ಆದರೆ ವೇಗ ಹೆಚ್ಚುತ್ತದೆಂಬ ಆಸೆಯಿಂದ ಇದನ್ನು ಹಿಡಿಯಬೇಡಿ. ಕೊಬ್ಬು ಉರಿಸಲು ಅದೇ ವೇಗಕ್ಕೆ ಹೆಚ್ಚು ಆಮ್ಲಜನಕ ಬೇಕು. ಆಸ್ಟ್ರೇಲಿಯಾದಲ್ಲಿ ಲೂಯಿಸ್ ಬರ್ಕ್ ತಂಡ ಶ್ರೇಷ್ಠ ದರ್ಜೆಯ ರೇಸ್ ವಾಕರ್‌ಗಳ (ವೇಗನಡಿಗೆ ಸ್ಪರ್ಧಿಗಳ) ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವಾರದ ತರಬೇತಿಯ ನಂತರ ಕಾರ್ಬ್ ತಿಂದವರ 10 ಕಿ.ಮೀ. ಸಮಯ ಸುಧಾರಿಸಿತು, ಕೊಬ್ಬಿನ ಗುಂಪಿನದು ಸುಧಾರಿಸಲಿಲ್ಲ. ನಿಧಾನದ ಅಲ್ಟ್ರಾ ಓಟಕ್ಕೆ (ಮ್ಯಾರಥಾನ್‌ಗಿಂತ ದೂರದ್ದು) ಪ್ರಯತ್ನಿಸಬಹುದು, 10 ಕಿ.ಮೀ. ಗುರಿಗೆ ಈ ಆಹಾರಕ್ರಮ ಬೇಡ ಎಂಬುದೇ ನಮ್ಮ ಸಲಹೆ.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ ಒಪ್ಪಿಗೆ ಇಲ್ಲದೆ ದಯವಿಟ್ಟು ಒಂದು ದಿನವೂ ಶುರು ಮಾಡಬೇಡಿ.