ಆ ಫೋಟೋಗಳಲ್ಲಿ ಇಲ್ಲದವರಿಗೆ

ಹೋದ ತಿಂಗಳು ಪತ್ರಿಕೆಯ ಕೆಲಸದಿಂದ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಹುಡುಗರು ನಾನು ತೆಗೆದ ಹಳೆಯ ಫೋಟೋಗಳನ್ನು ಗೋಡೆಗೆ ಅಂಟಿಸಿದ್ದರು. ನಟ್ಟನಡುವೆ ಕಾರ್ಗಿಲ್. ಎಲ್ಲರೂ ಅದನ್ನೇ ಹೊಗಳಿದರು. ಶಾಲು, ಹಾರ, ಮೈಸೂರು ಪಾಕ್ ಎಲ್ಲ ಆಯ್ತು. ಮನೆಗೆ ಬಂದ ಮೇಲೆ ಏನೋ ಕಸಿವಿಸಿ. ನಾನು ಥ್ಯಾಂಕ್ಸ್ ಹೇಳಬೇಕಾದವರು ಒಬ್ಬರೂ ಆ ಗೋಡೆಯ ಮೇಲೆ ಇರಲಿಲ್ಲ.

1999ರ ಜೂನ್ 13ಕ್ಕೆ ದ್ರಾಸ್ ಹತ್ತಿರದ ತೋಲೋಲಿಂಗ್ ಬೆಟ್ಟ ನಮ್ಮ ಸೇನೆಯ ಕೈಗೆ ಬಂತು. ಅದಾಗಿ ಒಂದು ವಾರಕ್ಕೆ ನಾನು ಶ್ರೀನಗರ ಬಿಟ್ಟೆ. ಹಿಮ ಕಂಡವನಲ್ಲ. ಮೈಮೇಲೆ ಬೆಂಗಳೂರಿನ ಚಳಿಗೆ ತಕ್ಕ ಒಂದು ಸ್ವೆಟರ್.

ಯುದ್ಧ ಅಂದರೆ ಬಂದೂಕು ಅಂದುಕೊಂಡಿದ್ದೆ. ಮೊದಲು ಕಂಡದ್ದು ಲಾರಿಗಳ ಸಾಲು. ಸೇನೆಯವು ಸಾಲದೆ ಬಾಡಿಗೆಗೆ ಹಿಡಿದ ಸಿವಿಲ್ ಲಾರಿಗಳೂ ಇದ್ದವು. ಹಿಟ್ಟು, ಸೀಮೆಎಣ್ಣೆ, ಶೆಲ್ಲು, ಎಲ್ಲ ಜೋಜಿಲಾ ಘಾಟಿ ಹತ್ತಿಯೇ ಹೋಗಬೇಕು. ದ್ರಾಸ್ ಹತ್ತಿರ ಬೆಟ್ಟದ ಮೇಲೆ ಕೂತ ಪಾಕಿಸ್ತಾನದವನಿಗೆ ಹೆದ್ದಾರಿ ಪೂರ್ತಿ ಕಾಣುತ್ತದೆ. ಅವನು ತೋರಿಸಿದ ಕಡೆ ಶೆಲ್ ಬೀಳುತ್ತಿತ್ತು. ಹಾಗಾಗಿ ರಾತ್ರಿ ಹೊತ್ತು, ಹೆಡ್‌ಲೈಟ್ ಆರಿಸಿ ಓಡಿಸುತ್ತಿದ್ದರು. ಒಂದು ಕಡೆ ಪ್ರಪಾತ. ಅಂಥ ಲಾರಿಯ ಒಬ್ಬ ಸರ್ದಾರ್ಜಿ ಡ್ರೈವರ್ ನನ್ನ ಫಿಲ್ಮ್ ರೋಲ್‌ಗಳನ್ನು ಎರಡು ಸಲ ಶ್ರೀನಗರಕ್ಕೆ ಮುಟ್ಟಿಸಿದರು. ದುಡ್ಡು ಕೊಡಲು ಹೋದರೆ ಬೈದರು. ಪತ್ರಿಕೆಯಲ್ಲಿ ಫೋಟೋ ಬಂದದ್ದು ಅವರಿಂದ. ಹೆಸರು ಬಂದದ್ದು ನನ್ನದು.

ದ್ರಾಸ್‌ನಲ್ಲಿ ಒಂದು ಫಿರಂಗಿ ತುಕಡಿಯ ಜೊತೆ ಇದ್ದೆ. ಬೊಫೋರ್ಸ್ ಸಿಡಿದರೆ ಕಿವಿಗಿಂತ ಮೊದಲು ಎದೆಗೂಡಿಗೆ ಗೊತ್ತಾಗುತ್ತದೆ. ಒಂದು ಮಧ್ಯಾಹ್ನ ಆ ಕಡೆಯಿಂದ ಶೆಲ್ ಬಂತು. ಸುಬೇದಾರ್ ಸಾಹೇಬರು ನನ್ನನ್ನು ಬಂಕರಿಗೆ ನೂಕಿ ಮೇಲೆ ಬಿದ್ದರು. ಧೂಳು ಇಳಿದ ಮೇಲೆ ನಾನು ಮೊದಲು ಕೇಳಿದ್ದು ಒಡೆದ ಲೆನ್ಸ್ ಬಗ್ಗೆ! ಅವರು ನಕ್ಕರು, ಅಷ್ಟೆ. ಇವತ್ತಿಗೂ ನಾಚಿಕೆ.

ನಿಜ ಹೇಳಬೇಕು ಅಂದರೆ ಅಲ್ಲಿ ನಾನೊಂದು ಹೊರೆ. ಅಷ್ಟು ಕಷ್ಟಪಟ್ಟು ತಂದ ರೇಷನ್‌ನಲ್ಲಿ ಉಂಡೆ. ಅವರ ಜಾಗದಲ್ಲಿ ಮಲಗಿದೆ. ಹತ್ತು ಸಾವಿರ ಅಡಿ ಎತ್ತರಕ್ಕೇ ತಲೆ ಸಿಡಿದು ವಾಂತಿ ಶುರುವಾಯ್ತು. ಅಡುಗೆಯ ಜವಾನ ಗೋಕಾಕ ಕಡೆಯ ಹುಡುಗ. "ಮೊದ್ಲ ಬಿಸಿನೀರ ಕುಡೀರಿ ಸರ, ಆಮ್ಯಾಲ ಯುದ್ಧ ನೋಡೀರಂತ" ಅಂತ ಮಗ್ಗು ಹಿಡಿದು ನಿಂತಿದ್ದ. ಎರಡು ದಿನ ಅವನೇ ನನ್ನ ತಾಯಿ.

ದ್ರಾಸ್ ಸುತ್ತಲಿನ ಹಳ್ಳಿಗಳವರೂ ಇದ್ದರು. ಹೆಂಡತಿ ಮಕ್ಕಳನ್ನು ದೂರ ಕಳಿಸಿ, ಗಂಡಸರು ಬೆನ್ನ ಮೇಲೆ ನೀರು, ಮದ್ದುಗುಂಡು ಹೊತ್ತು ರಾತ್ರಿಯೆಲ್ಲ ಬೆಟ್ಟ ಹತ್ತುತ್ತಿದ್ದರು. ಕತ್ತಲಲ್ಲಿ ಫ್ಲ್ಯಾಶ್ ಹಾಕುವ ಹಾಗಿಲ್ಲ. ಅವರದೊಂದೂ ಫೋಟೋ ನನ್ನಲ್ಲಿಲ್ಲ. ಆ ಯುದ್ಧದಲ್ಲಿ ತೀರಿಕೊಂಡ 527 ಯೋಧರ ಹೆಸರು ಹೇಳಲು ದೇಶವಿದೆ. ಇವರ ಹೆಸರು ನಾನೂ ಕೇಳಿಕೊಳ್ಳಲಿಲ್ಲ.

ಗೋಕಾಕದ ಹುಡುಗನ ಫೋಟೋ ಮಾತ್ರ ಬೆಳಕಲ್ಲೇ ತೆಗೆಯಬಹುದಿತ್ತು. ಅವನೇ ಬೇಡ ಅಂದ. "ನಾ ಜಮ್ಮುದಾಗ ಅದೀನಿ ಅಂತ ನಮ್ಮವ್ವಗ ಹೇಳೀನ್ರಿ." ಬದಲಿಗೆ ಊರಿನ ಕಿರಾಣಿ ಅಂಗಡಿಯ ನಂಬರ್ ಬರೆದುಕೊಟ್ಟ.

ಜುಲೈ 4ಕ್ಕೆ ಟೈಗರ್ ಹಿಲ್ ಗೆದ್ದ ಸುದ್ದಿ ಬಂತು. ಅದಾದ ಮೇಲೆ ಶ್ರೀನಗರಕ್ಕೆ ಇಳಿದು ಎಸ್‌ಟಿಡಿ ಬೂತಿಗೆ ಹೋದೆ. ನನ್ನ ಹೆಂಡತಿಗೆ ಒಂದು ನಿಮಿಷ. (ಅವಳಿಗೂ ಇಲ್ಲೇ ಥ್ಯಾಂಕ್ಸ್. ಆ ಒಂದು ನಿಮಿಷವನ್ನು ಈಗಲೂ ಎತ್ತಿ ಆಡುತ್ತಾಳೆ.) ಆಮೇಲೆ ಆ ಅಂಗಡಿಗೆ. ಅವ್ವನನ್ನು ಕರೆದುಕೊಂಡು ಬರುವ ತನಕ ಮೀಟರ್ ಓಡುತ್ತಲೇ ಇತ್ತು.

"ನಿಮ್ಮ ಮಗ ಚೆನ್ನಾಗಿದ್ದಾನಮ್ಮ, ಜಮ್ಮುವಿನಲ್ಲಿ" ಅಂದೆ.

"ಅಲ್ಲೆ ಥಂಡಿ ಭಾಳ ಐತೇನೋ ಯಪ್ಪಾ?"

"ಇಲ್ಲಮ್ಮ, ವಿಪರೀತ ಸೆಕೆ."

"ಹಂಗಾರ ಸ್ವೆಟರ್ ಕಳಸೂದು ಬ್ಯಾಡನ?"

ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. "ಇರಲಿ, ಕಳಿಸಿಬಿಡಿ" ಅಂದೆ.