ರಸ್ತೆ ಕಿತ್ತುಹೋಗುವ ಮೊದಲೇ ಮೀಸಲು ನಿಧಿ ಕೂಡಿಡಿ

ಮಾನ್ಯರೇ,

ಒಳರಸ್ತೆಗಳ ಹೊಣೆಯನ್ನು ನಿವಾಸಿಗಳ ಸಂಘವೇ ಹೊತ್ತಿರುವ ಬಡಾವಣೆಗಳಲ್ಲಿ, ರಸ್ತೆ ಪೂರ್ತಿ ಹಾಳಾದ ಮೇಲೆ ಮರುಡಾಂಬರೀಕರಣದ ಹಣವನ್ನು ಒಂದೇ ಕಂತಿನಲ್ಲಿ ವಸೂಲು ಮಾಡುವ ಪದ್ಧತಿ ನಿಲ್ಲಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಸಂಘದಲ್ಲಿ ವರ್ಷಗಟ್ಟಲೆ ನಿರ್ವಹಣಾ ಶುಲ್ಕ ಏರಿಸದಿದ್ದುದನ್ನೇ ಮಹಾಸಭೆಯಲ್ಲಿ ಸಾಧನೆಯೆಂದು ಹೇಳಿಕೊಂಡು ಬಂದೆವು. ಕೊನೆಗೆ, ಒಂದು ವರ್ಷದ ಶುಲ್ಕವನ್ನೂ ಮೀರಿದ ಮೊತ್ತವನ್ನು ಮೂರು ತಿಂಗಳೊಳಗೆ ಕಟ್ಟಬೇಕೆಂಬ ಸುತ್ತೋಲೆ ಮನೆಮನೆಗೆ ಬಂತು. ಪಿಂಚಣಿ ನಂಬಿದ ಹಿರಿಯರೊಬ್ಬರು ಸಾಲ ಮಾಡಿದರು. ಮನೆ ಕೊಂಡು ಎರಡೇ ತಿಂಗಳಾಗಿದ್ದ ಕುಟುಂಬ ಪೂರ್ತಿ ಪಾಲು ತೆತ್ತಿತು. ಹದಿನೈದು ವರ್ಷ ಅದೇ ರಸ್ತೆ ಬಳಸಿ, ಮನೆ ಮಾರಿ ಹೋದವರಿಂದ ಬಿಡಿಗಾಸೂ ಬರಲಿಲ್ಲ. ಆ ಸುತ್ತೋಲೆಗೆ ಒಪ್ಪಿಗೆ ಕೊಟ್ಟ ಸದಸ್ಯರಲ್ಲಿ ನಾನೂ ಒಬ್ಬನಾದ್ದರಿಂದ ಈ ಅನ್ಯಾಯ ನನ್ನನ್ನು ಇಂದಿಗೂ ಕಾಡುತ್ತಿದೆ.

ರಸ್ತೆ ಹಾಳಾಗುವುದು ಮುನ್ಸೂಚನೆ ಕೊಟ್ಟೇ. ಚೆನ್ನಾಗಿ ಹಾಕಿದ ಡಾಂಬರು ಸಾಮಾನ್ಯವಾಗಿ 15ರಿಂದ 20 ವರ್ಷ ಬಾಳುತ್ತದೆ. ಬಿಸಿಲಿಗೆ, ಗಾಳಿಗೆ ಅದರ ಅಂಟು ಒಣಗಿ ಪೆಡಸಾದಂತೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಮೂಡುತ್ತವೆ. ಮಳೆ ನಿಂತು ರಸ್ತೆಯೆಲ್ಲ ಒಣಗಿದ ಮೇಲೂ ಆ ಗೆರೆಗಳು ಮಾತ್ರ ಕಪ್ಪಗೆ ಒದ್ದೆಯಾಗಿ ಉಳಿದಿದ್ದರೆ, ನೀರು ಕೆಳಗಿನ ಜಲ್ಲಿಗೆ ಇಳಿಯುತ್ತಿದೆ ಎಂದೇ ತಿಳಿಯಬೇಕು. ಆಗಲೇ ಬಿರುಕು ಮುಚ್ಚಿಸಿದರೆ ಸ್ವಲ್ಪದರಲ್ಲಿ ಮುಗಿಯುತ್ತದೆ. ತಳಪಾಯ ಗಟ್ಟಿಯಿರುವವರೆಗೆ ಮೇಲಿನ 40–50 ಮಿಲಿಮೀಟರ್ ಪದರ ಕೆರೆದು ಹೊಸದು ಹಾಕಿದರೂ ಸಾಕು. ಮೊಸಳೆಯ ಚರ್ಮದಂತೆ ಚೂರುಚೂರಾಗಿ ಒಡೆಯುವವರೆಗೆ ಕಾದರೆ ಜಲ್ಲಿಯನ್ನೂ ಅಗೆದು ತೆಗೆಯಬೇಕಾಗುತ್ತದೆ. ಖರ್ಚು ಹಲವು ಪಟ್ಟು ಬೆಳೆಯುತ್ತದೆ.

ಈ ಖರ್ಚಿಗಾಗಿ ಮೀಸಲು ನಿಧಿಗೆ ತಿಂಗಳು ತಿಂಗಳು ಎಷ್ಟು ಕೂಡಿಡಬೇಕೆಂಬ ಲೆಕ್ಕ ಕಷ್ಟದ್ದೇನಲ್ಲ. ಪ್ರತಿ ರಸ್ತೆಯ ಉದ್ದ, ಅಗಲ, ಡಾಂಬರು ಹಾಕಿದ ವರ್ಷ ಬರೆದಿಟ್ಟುಕೊಂಡು, ಅನುಭವಿ ಎಂಜಿನಿಯರ್ ಒಬ್ಬರಿಂದ ಉಳಿದ ಆಯುಷ್ಯ ಅಂದಾಜು ಮಾಡಿಸಬೇಕು. ಅನುಮಾನವಿದ್ದ ಕಡೆ ಕೊರೆದು ಮಾದರಿ ತೆಗೆಸಿದರೆ ತಳಪಾಯದ ಸ್ಥಿತಿಯೂ ತಿಳಿಯುತ್ತದೆ. ಅಂದಾಜುಪಟ್ಟಿಯಲ್ಲಿ ಚರಂಡಿ ದುರಸ್ತಿ ಮತ್ತು ಮ್ಯಾನ್‌ಹೋಲ್ ಮುಚ್ಚಳಗಳನ್ನು ಹೊಸ ಮಟ್ಟಕ್ಕೆ ಎತ್ತರಿಸುವ ಕೆಲಸ ಬಿಟ್ಟುಹೋಗುವುದೇ ಹೆಚ್ಚು (ನಮ್ಮಲ್ಲೂ ಬಿಟ್ಟುಹೋಗಿತ್ತು). ಇಂದಿನ ದರವನ್ನೇ ಹಿಡಿಯುವುದು ಇನ್ನೂ ದೊಡ್ಡ ತಪ್ಪು. ಡಾಂಬರು ಕಚ್ಚಾತೈಲದಿಂದ ಬರುವುದರಿಂದ ತೈಲದ ಬೆಲೆಯೊಂದಿಗೆ ಅದರ ಬೆಲೆಯೂ ಏರಿಳಿಯುತ್ತದೆ. ವರ್ಷಕ್ಕೆ ಶೇ 6ರಂತೆ ವೆಚ್ಚ ಏರಿದರೂ 12 ವರ್ಷಗಳಲ್ಲಿ ಅದು ದುಪ್ಪಟ್ಟಾಗುತ್ತದೆ. ಹೀಗೆ ಬಂದ ಮೊತ್ತದಲ್ಲಿ ಈಗಾಗಲೇ ಕೂಡಿಟ್ಟದ್ದನ್ನು ಕಳೆದು, ಉಳಿದ ತಿಂಗಳುಗಳಿಗೆ ಹಂಚಿದರೆ ಮಾಸಿಕ ವಂತಿಗೆ ಸಿಗುತ್ತದೆ. ಮೂರು ವರ್ಷಕ್ಕೊಮ್ಮೆ ರಸ್ತೆಯನ್ನು ಮತ್ತೆ ಪರಿಶೀಲಿಸಿ ಈ ಲೆಕ್ಕವನ್ನು ತಿದ್ದಬೇಕು.

ಈ ಹಣ ಪ್ರತ್ಯೇಕ ಖಾತೆಯಲ್ಲಿರಲಿ. ಗೋಡೆಗೆ ಬಣ್ಣ ಹೊಡೆಸಲು, ಕಾವಲುಗಾರರ ಸಂಬಳ ಸರಿದೂಗಿಸಲು ಅದರಿಂದ ಕೈಗಡ ತೆಗೆಯಬಾರದು. ಬಿರುಕು ಮುಚ್ಚುವಂಥ ವರ್ಷವರ್ಷದ ಕೆಲಸಕ್ಕೂ ನಿರ್ವಹಣಾ ಬಜೆಟ್ಟಿನಲ್ಲೇ ಹಣವಿಡಬೇಕು. ಇಷ್ಟು ಹೊತ್ತಿಗೆ ನಿಧಿಯಲ್ಲಿ ಎಷ್ಟಿರಬೇಕಿತ್ತು, ಎಷ್ಟಿದೆ ಎಂಬ ಎರಡು ಅಂಕಿಗಳನ್ನು ಸಂಘಗಳು ವಾರ್ಷಿಕ ವರದಿಯ ಮೊದಲ ಪುಟದಲ್ಲೇ ಅಕ್ಕಪಕ್ಕ ಮುದ್ರಿಸಲಿ. ಮನೆ ಕೊಳ್ಳಲು ಬರುವವರೂ ಆ ಪುಟವನ್ನು ಕೇಳಿ ಪಡೆಯಲಿ.

– ಒಬ್ಬ ನಿವಾಸಿ