ಪಿಯುಸಿ ನಂತರದ ಪಟ್ಟಿಯಲ್ಲಿ ಬಿಟ್ಟುಹೋದದ್ದು

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯು ಫಲಿತಾಂಶದ ಹೊತ್ತಿಗೆ ನಿಮ್ಮ ಪತ್ರಿಕೆಯಲ್ಲಿ ಬರುವ ‘ಮುಂದೇನು’ ಪುಟವನ್ನು ಕತ್ತರಿಸಿ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದ ಪಿ.ಟಿ. ಮೇಷ್ಟ್ರು ನಾನು. ನಿವೃತ್ತನಾದ ಮೇಲೂ ಓದುವ ಚಟ ಹೋಗಿಲ್ಲ. ಈ ಸಲ ನೀಟ್, ಸಿಇಟಿ, ಸಿ.ಎ., ನರ್ಸಿಂಗ್ ಎಲ್ಲ ಇತ್ತು. ನನ್ನ ತಂಗಿಯ ಮಗಳು ಓದುತ್ತಿರುವ ಬಿ.ಪ್ಲಾನ್, ಅಂದರೆ ನಗರ ಯೋಜನೆಯ ಪದವಿ, ಇರಲಿಲ್ಲ. ನೆಂಟರೂ ಅಷ್ಟೆ, ‘ಪ್ಲಾನಿಂಗ್ ಅಂದ್ರೆ ಮನೆ ಪ್ಲಾನಾ? ನಮ್ಮ ಸೈಟಿಗೂ ಒಂದು ಬರ್ಕೊಡು’ ಎನ್ನುತ್ತಾರೆ.

ಹೋದ ರಜೆಯಲ್ಲಿ ಬಂದವಳು ನಮ್ಮ ಬಡಾವಣೆಯ ಪಾರ್ಕಿನಲ್ಲಿ ನೋಟ್‌ಬುಕ್ ಹಿಡಿದು ಮೂರು ದಿನ ಕೂತಳು. ಗಂಡಸರೆಷ್ಟು, ಹೆಂಗಸರೆಷ್ಟು, ಮಕ್ಕಳೆಷ್ಟು, ಯಾರು ಎಲ್ಲಿ ಕೂರುತ್ತಾರೆ ಅಂತ ಗಂಟೆಗೊಂದು ಲೆಕ್ಕ. ಸಂಜೆ ಏಳರ ನಂತರ ಒಬ್ಬ ಹೆಂಗಸೂ ಒಳಗಿರಲಿಲ್ಲ, ಹಿಂದಿನ ಎರಡು ದೀಪ ಉರಿಯುವುದೇ ಇಲ್ಲ. ಜಾರುಬಂಡೆಯ ತಗಡು ಪಡುವಣಕ್ಕೆ ಮುಖ ಮಾಡಿದೆ, ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ ಕಾದ ಹೆಂಚು. ಎಂಟು ವರ್ಷದಿಂದ ದಿನಾ ಅಲ್ಲೇ ಸುತ್ತು ಹಾಕುವ ನನಗೆ ಇದೊಂದೂ ಕಂಡಿರಲಿಲ್ಲ. ಗೇಟಿನ ಹೊರಗೆ ಸೊಪ್ಪು ಮಾರುವಾಕೆಯನ್ನು ‘ಒಳಗೆ ಯಾಕೆ ಕೂರಲ್ಲ’ ಎಂದು ಕೇಳಿದಳು. ‘ಗಾಡಿ ಯಾರು ನೋಡ್ಕೋತಾರವ್ವ? ಆ ಬೆಂಚು ಈ ಕಡೆ ತಿರುಗ್ಸಿದ್ರೆ ಕೂತ್ಕೋತೀನಿ’ ಎಂದಳಂತೆ.

‘ಇದೇ ಮಾವ ನಮ್ಮ ಕೆಲಸ’ ಎಂದಳು ಹುಡುಗಿ.

ಪಾರ್ಕು, ಆಟದ ಬಯಲಿನ ಜಾಗ ಉಳಿಸಲು ನಮ್ಮಲ್ಲಿ 1985ರ ಕಾಯ್ದೆಯೇ ಇದೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ ಹನ್ನೆರಡನೇ ಅನುಸೂಚಿ, ಉದ್ಯಾನ ಮತ್ತು ಆಟದ ಮೈದಾನವನ್ನು ನಗರಾಡಳಿತದ ಕೆಲಸಗಳಲ್ಲಿ ಸೇರಿಸಿದೆ. ತಲೆಗೆ 10ರಿಂದ 12 ಚದರ ಮೀಟರ್ ಬಯಲು ಬೇಕೆಂದು ಕೇಂದ್ರದ 2014ರ ಮಾರ್ಗಸೂಚಿ ಹೇಳುತ್ತದೆ. ಜಾಗಕ್ಕೆ ಲೆಕ್ಕವಿದೆ, ಸರಿ. ಆ ಜಾಗದಲ್ಲಿ ಏನಿರಬೇಕೆಂದು ಸೊಪ್ಪಿನಾಕೆಯನ್ನು ಕೇಳುವವರು ಯಾರು? ಟೆಂಡರು, ಟೈಲ್ಸು, ಉದ್ಘಾಟನೆಯ ಕಲ್ಲು, ಕೊನೆಗೆ ಗೇಟಿಗೊಂದು ಬೀಗ. ಮಹಾರಾಜ ಪಾರ್ಕ್, ಜಿಲ್ಲಾ ಕ್ರೀಡಾಂಗಣ ಹಳೇ ಹಾಸನದವರಿಗೆ ಹತ್ತಿರ. ಊರು ಬೆಳೆದದ್ದು ಹೊರಕ್ಕೆ.

ಮಕ್ಕಳಿಗಾಗಿ ಇಷ್ಟು: ಬಿ.ಪ್ಲಾನ್ ನಾಲ್ಕು ವರ್ಷದ ಪದವಿ. ಪಿಯುಸಿಯಲ್ಲಿ ಗಣಿತ ಓದಿರಬೇಕು. ಕೇಂದ್ರದ ಸಂಸ್ಥೆಗಳಿಗೆ ಸೇರಲು ಜೆಇಇ ಮೇನ್ ಪ್ರವೇಶ ಪರೀಕ್ಷೆಯ 2ಬಿ ಪತ್ರಿಕೆ ಬರೆಯಬೇಕು, ಅದರಲ್ಲಿ ಚಿತ್ರ ಬಿಡಿಸುವ ಪರೀಕ್ಷೆ ಇಲ್ಲ. ದೆಹಲಿ, ಭೋಪಾಲ್, ವಿಜಯವಾಡಗಳಲ್ಲಿ ಪ್ಲಾನಿಂಗ್ ಮತ್ತು ವಾಸ್ತುಶಿಲ್ಪಕ್ಕೆಂದೇ ಕೇಂದ್ರದ ಸಂಸ್ಥೆಗಳಿವೆ. ಪಾರ್ಕು, ಮೈದಾನ, ಸಮುದಾಯ ಭವನದ ಯೋಜನೆ ಈ ಓದಿನ ಒಂದು ಕವಲು. ಅಮೆರಿಕದ ಅನೇಕ ಊರುಗಳಲ್ಲಿ ಅದಕ್ಕೇ ಪ್ರತ್ಯೇಕ ಇಲಾಖೆ ಇರುತ್ತದೆ. ನಮ್ಮೂರಲ್ಲಿ ಕೆಲಸ ಸಿಗುತ್ತದೆಂದು ನಾನು ಸುಳ್ಳು ಹೇಳಲಾರೆ. ನಮ್ಮ ಹುಡುಗಿಯೂ ಬಹುಶಃ ಬೆಂಗಳೂರಿನ ಯಾವುದೋ ಕನ್ಸಲ್ಟೆನ್ಸಿ ಸೇರುತ್ತಾಳೆ. ತಂಗಿಗೆ ಅದೇ ಚಿಂತೆ, ನನಗೆ ಅದೇ ಸಿಟ್ಟು.

ಮುಂದಿನ ವರ್ಷದ ಪುಟದಲ್ಲಿ ಈ ಓದಿಗೆ ನಾಲ್ಕು ಸಾಲು ಕೊಡಿ. ಬೆಂಚು ತಿರುಗಿಸುವ ಅರ್ಜಿಯನ್ನು ಹೋದ ಸೋಮವಾರ ನಾನೇ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದಿದ್ದೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಹಾಸನ